ತಲೆಗೆ ಬಿಸಿನೀರು ಬಿದ್ದಾಗ ಮೇಲುಗಣ್ಣು ಬಿಡುವ ಮಗು

ಭಾನುವಾರ ಬೆಳಿಗ್ಗೆ. ಹಂಡೆಯಲ್ಲಿ ನೀರು ಮರಳುತ್ತಿದೆ, ನೆತ್ತಿಗೆ ಹರಳೆಣ್ಣೆ ತಟ್ಟಿಯಾಗಿದೆ, ಬಟ್ಟಲಲ್ಲಿ ಸೀಗೆಪುಡಿ ಕಲಸಿಟ್ಟಿದೆ. ಅಜ್ಜಿ ಚೊಂಬಿನ ಮೇಲೆ ಚೊಂಬು ಹುಯ್ಯುತ್ತಾರೆ. ಮೂರನೆಯದೋ ನಾಲ್ಕನೆಯದೋ ತಲೆ ಮೇಲೆ ಬೀಳುವಷ್ಟರಲ್ಲಿ, ಅಲ್ಲಿಯವರೆಗೆ ಕಿರುಚಾಡುತ್ತಿದ್ದ ಹುಡುಗ ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತಾನೆ. ನೋಟ ಒಂದೇ ಕಡೆ ನೆಡುತ್ತದೆ. ಕರೆದರೆ ಓಗೊಡುವುದಿಲ್ಲ, ಇಲ್ಲವೇ ಸಂಬಂಧವಿಲ್ಲದ ಏನೋ ಮಾತಾಡುತ್ತಾನೆ. ಆಮೇಲೆ ಮೇಲುಗಣ್ಣು ಬಿಡುತ್ತಾನೆ, ಒಂದು ಪಕ್ಕಕ್ಕೆ ವಾಲುತ್ತಾನೆ. ಕೆಲವರಿಗೆ ಕೈಕಾಲು ಸೆಟೆದು ಅದುರುತ್ತದೆ. ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದು ಮಗು ನಿದ್ದೆಗೆ ಜಾರುತ್ತದೆ.

ಇದಕ್ಕೆ ಮನೆಯಲ್ಲಿ ಕಾರಣಗಳು ಬೇಕಾದಷ್ಟು ಸಿಗುತ್ತವೆ. "ನೀರು ಮೂಗಿಗೆ ಹೋಯ್ತು." "ಉಸಿರು ಕಟ್ತು." "ಬಚ್ಚಲಲ್ಲಿ ಗಾಳಿ ಸೋಕ್ತು." ಆಸ್ಪತ್ರೆಗೆ ಬಂದಾಗ ಚೀಟಿಯಲ್ಲಿ ಬರೆಯುವುದು ಇನ್ನೂ ಚಿಕ್ಕದು: ಸ್ನಾನದ ಮನೆಯಲ್ಲಿ ಬಿದ್ದ. ಬಿದ್ದ ಅಂದಮೇಲೆ ತಲೆಗೆ ಪೆಟ್ಟಾಯಿತೇ ಎಂದು ಸ್ಕ್ಯಾನ್ ಮಾಡಿಸುತ್ತಾರೆ, ಸ್ಕ್ಯಾನ್ ಚೆನ್ನಾಗಿರುತ್ತದೆ, ಮಗು ಮನೆಗೆ ಹೋಗುತ್ತದೆ. ಮುಂದಿನ ತಲೆಸ್ನಾನಕ್ಕೆ ಅದೇ ಕತೆ.

ಇದಕ್ಕೆ ಬಿಸಿನೀರಿನ ಅಪಸ್ಮಾರ ಅನ್ನುತ್ತಾರೆ, ಅಂದರೆ ತಲೆಗೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆರೋಗ, ಫಿಟ್ಸ್. ಪ್ರಪಂಚದ ವೈದ್ಯ ಪತ್ರಿಕೆಗಳಲ್ಲಿ ಇದು ಮೊದಲು ವರದಿಯಾಗಿದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಅತಿ ಹೆಚ್ಚು ಮಂದಿಯಲ್ಲಿ ಕಂಡದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1968ರಲ್ಲೇ ಇದರ ಬಗ್ಗೆ ಬರೆದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಯವರು ದಶಕಗಳ ಕಾಲ ಇದನ್ನು ಬೆನ್ನುಹತ್ತಿ ಅಧ್ಯಯನ ಮಾಡಿದರು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಇರುವುದೂ ಉಂಟು, ಹಾಗಾಗಿ ವಂಶದ ಪಾಲೂ ಇದೆ. ತಲೆಯ ಮೇಲೆ ಬೇಗ ಬೇಗ ಬೀಳುವ 40ರಿಂದ 50 ಡಿಗ್ರಿ ಬಿಸಿಯ ನೀರಿಗೆ ಕೆಲವರ ಮಿದುಳು ಕೆರಳುತ್ತದೆ. ಮೈಗೆ ಅದೇ ನೀರು ಹಾಕಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಹಾಗಾಗಿ ಇಲ್ಲಿ ರೋಗ ಪತ್ತೆಯಾಗುವುದು ಒಂದೇ ಒಂದು ಪ್ರಶ್ನೆಯಿಂದ: ತಲೆಗೆ ನೀರು ಹಾಕುವಾಗಲೋ, ಮೈಗೆ ಹಾಕುವಾಗಲೋ? ಎಮ್‌ಆರ್‌ಐಯಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯೂ ಬಹುಪಾಲು ಮಕ್ಕಳಲ್ಲಿ ನಾರ್ಮಲ್ ಬರುತ್ತದೆ. ಉತ್ತರ ಗೊತ್ತಿರುವುದು ಚೊಂಬು ಹಿಡಿದಿದ್ದ ಅಜ್ಜಿಗೆ, ಅವರು ಆಸ್ಪತ್ರೆಗೆ ಬಂದೇ ಇರುವುದಿಲ್ಲ. ಮಕ್ಕಳ ಮೂರ್ಛೆರೋಗದಲ್ಲಿ ಯಂತ್ರಕ್ಕಿಂತ ಮನೆಯವರ ಕಣ್ಣು ಹೆಚ್ಚು ಹೇಳುತ್ತದೆ. ಆ ಕಣ್ಣು ಏನನ್ನು ನೋಡಬೇಕು, ಕಂಡದ್ದನ್ನು ಡಾಕ್ಟರ ಮುಂದೆ ಹೇಗೆ ಹೇಳಬೇಕು, ಇಷ್ಟು ಗೊತ್ತಿದ್ದರೆ ಅರ್ಧ ಚಿಕಿತ್ಸೆ ಆದಂತೆ ಎಂದೇ ನಾನು ನಂಬಿರುವುದು.

ಮೊದಲು ಸ್ನಾನದ ವಿಷಯ ಮುಗಿಸೋಣ. ಬಿಸಿನೀರಿನ ಅಪಸ್ಮಾರ ಇರುವ ಮಗುವಿಗೆ ನೀರೇ ಮೊದಲ ಮದ್ದು. ನೀರು ಮೈಬಿಸಿಯಷ್ಟಿರಲಿ, ಅಂದರೆ 37 ಡಿಗ್ರಿ ಮೀರಬಾರದು. ಥರ್ಮಾಮೀಟರ್ ಇಲ್ಲದವರಿಗೆ ಒಂದು ಲೆಕ್ಕ: ಕುದಿಯುವ ನೀರು ಒಂದು ಚೊಂಬಿಗೆ ನಲ್ಲಿಯ ತಣ್ಣೀರು ಐದು ಚೊಂಬು ಬೆರೆಸಿದರೆ ಸುಮಾರು ಅಷ್ಟಕ್ಕೆ ಬರುತ್ತದೆ. ಚಳಿಗಾಲದಲ್ಲಿ ನಲ್ಲಿನೀರು ಕೊರೆಯುವಾಗ ನಾಲ್ಕು ಚೊಂಬು ಸಾಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಚೆನ್ನಾಗಿ ಕಲಕಿ, ಮೊಣಕೈ ಅದ್ದಿ ನೋಡಿ. ಮೊಣಕೈಗೆ ಬಿಸಿ ಅನ್ನಿಸಿದರೆ ಮಗುವಿನ ನೆತ್ತಿಗೆ ಅದು ಹೆಚ್ಚು. ಕೈಬೆರಳನ್ನು ನಂಬಬೇಡಿ, ದಿನವೂ ಒಲೆಯ ಮುಂದೆ ಕೆಲಸ ಮಾಡುವ ಕೈಗೆ ಬಿಸಿಯ ಅಂದಾಜು ಸಿಗುವುದಿಲ್ಲ. ಗೀಸರ್ ಇರುವ ಮನೆಯಲ್ಲಿ ಅದರ ತಿರುಗಣೆಯನ್ನು ತಗ್ಗಿಸಿಡಿ, ಷವರಿನ ಕೆಳಗೆ ಮಗುವನ್ನು ನಿಲ್ಲಿಸಬೇಡಿ.

ಹುಯ್ಯುವ ರೀತಿಯೂ ಬದಲಾಗಬೇಕು. ಮೊದಲು ಕಾಲು, ಆಮೇಲೆ ಬೆನ್ನು, ಹೆಗಲು. ತಲೆ ಕೊನೆಗೆ. ತಲೆಗೂ ಮೊದಲು ಒದ್ದೆ ಟವೆಲ್ಲಿನಿಂದ ಕೂದಲು ತೋಯಿಸಿ, ಆಮೇಲೆ ಅರ್ಧ ಚೊಂಬು, ಸ್ವಲ್ಪ ಬಿಟ್ಟು ಇನ್ನರ್ಧ. ಒಂದರ ಹಿಂದೆ ಒಂದು ಚೊಂಬು ಸುರಿಯುವುದೇ ಇಲ್ಲಿ ಅಪಾಯ, ಯಾಕೆಂದರೆ ನೆತ್ತಿಯ ಬಿಸಿ ಇಳಿಯುವುದಕ್ಕೆ ಪುರುಸೊತ್ತು ಸಿಗುವುದಿಲ್ಲ. ಬಚ್ಚಲಿನ ಕಿಟಕಿ ತೆಗೆದಿರಲಿ, ಹಬೆ ತುಂಬುವುದು ಬೇಡ. ಮಗು ನಿಂತುಕೊಳ್ಳುವ ಬದಲು ತಗ್ಗು ಮಣೆಯ ಮೇಲೆ ಕೂರಲಿ, ಹಂಡೆಯ ಒಲೆಯಿಂದಲೂ ಒಗೆಯುವ ಕಲ್ಲಿನ ಅಂಚಿನಿಂದಲೂ ದೂರ. ತಾನೇ ಸ್ನಾನ ಮಾಡುವ ವಯಸ್ಸಿನ ಮಗು ಒಳಗಿನಿಂದ ಚಿಲಕ ಹಾಕಿಕೊಳ್ಳಬಾರದು. ಬಾಗಿಲು ಮುಂದೆ ಮಾಡಿಕೊಂಡರೆ ಸಾಕು, ಹೊರಗೆ ಯಾರಾದರೂ ಮಾತಾಡಿಸುತ್ತಿರಲಿ. ದೀಪಾವಳಿಯ ನೀರು ತುಂಬುವ ಹಬ್ಬ, ಯುಗಾದಿಯ ಎಣ್ಣೆಸ್ನಾನ ಇವೆರಡರ ಬೆಳಿಗ್ಗೆ ವಿಶೇಷ ಜಾಗ್ರತೆ ಬೇಕು. ಹಬ್ಬ ಅಂತ ಅಂದು ನೀರು ಎಂದಿಗಿಂತ ಬಿಸಿ ಇರುತ್ತದೆ, ನಿದ್ದೆ ಎಂದಿಗಿಂತ ಕಡಿಮೆ ಆಗಿರುತ್ತದೆ.

ಇನ್ನೊಂದು ವಿಷಯ ಬಹಳ ಮನೆಗಳಲ್ಲಿ ಬೈಗುಳಕ್ಕೆ ಕಾರಣವಾಗುತ್ತದೆ. ಕೆಲವು ಮಕ್ಕಳಿಗೆ ಆ ಗಳಿಗೆಯಲ್ಲಿ ಒಂದು ಬಗೆಯ ಹಿತ ಅನ್ನಿಸಿ, ಸಾಕು ಅಂದರೂ ಬಿಡದೆ ತಾವೇ ತಲೆಗೆ ಸುರಿದುಕೊಳ್ಳುತ್ತಾ ಹೋಗುತ್ತಾರೆ. ಅದು ಹಟ ಅಲ್ಲ, ರೋಗದ್ದೇ ಒಂದು ಮುಖ. ಹೊಡೆಯಬೇಡಿ. ಚೊಂಬನ್ನು ದೊಡ್ಡವರು ಹಿಡಿಯಿರಿ.

ನೀರಿನ ಬಿಸಿ ಇಳಿಸಿದ ಮೇಲೂ ಬರುತ್ತಿದ್ದರೆ ಡಾಕ್ಟರು ಕ್ಲೋಬಜಾಮ್ ಮಾತ್ರೆ ಬರೆಯುತ್ತಾರೆ, ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ, ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದರಿಂದ ಒಂದೂವರೆ ಗಂಟೆ ಮುಂಚೆ. ಮಾತ್ರೆ ನುಂಗಿಸಿ ಐದೇ ನಿಮಿಷಕ್ಕೆ ಬಚ್ಚಲಿಗೆ ಕರೆದೊಯ್ದರೆ ಕೊಟ್ಟೂ ಕೊಡದ ಹಾಗೆ. ಅಂದು ಮಗು ಸ್ವಲ್ಪ ತೂಕಡಿಸಬಹುದು, ಅದಕ್ಕೇ ತಲೆಸ್ನಾನವನ್ನು ಶಾಲೆಯಿಲ್ಲದ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಇಂಥ ಮಕ್ಕಳಲ್ಲಿ ಒಂದು ಪಾಲಿಗೆ ಕೆಲವು ವರ್ಷಗಳಲ್ಲಿ ನೀರಿನ ಸಂಬಂಧವಿಲ್ಲದೆಯೂ ಫಿಟ್ಸ್ ಶುರುವಾಗುತ್ತದೆ. ಆಗ ದಿನವೂ ಮಾತ್ರೆ ಬೇಕು. ನೀರಿಲ್ಲದೆ ಒಮ್ಮೆ ಬಂದರೂ ತಿಳಿಸಿ, "ಅದೇ ಇರಬೇಕು" ಎಂದು ಬಿಡಬೇಡಿ.

ಈಗ, ಫಿಟ್ಸ್ ಬಂದ ಆ ಗಳಿಗೆಯಲ್ಲಿ ಏನು ಮಾಡಬೇಕು ಅನ್ನುವುದು. ಮೊಟ್ಟಮೊದಲು ಗಡಿಯಾರ ನೋಡಿ. ಗಾಬರಿಯಲ್ಲಿ ಎರಡು ನಿಮಿಷ ಇಪ್ಪತ್ತು ನಿಮಿಷದಂತೆ ಅನ್ನಿಸುತ್ತದೆ, ಡಾಕ್ಟರಿಗೆ ಬೇಕಾಗಿರುವುದು ಗಡಿಯಾರದ ಲೆಕ್ಕ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಲೆಯಡಿ ಮಡಚಿದ ಬಟ್ಟೆ ಇಡಿ, ಬಾಯಿಯ ಜೊಲ್ಲು, ವಾಂತಿ ಹೊರಕ್ಕೆ ಹರಿಯುವಂತೆ ಮುಖ ಸ್ವಲ್ಪ ಕೆಳಗಿರಲಿ. ಕುತ್ತಿಗೆಯ ಗುಂಡಿ, ಉಡಿದಾರ ಬಿಗಿಯಾಗಿದ್ದರೆ ಸಡಿಲಿಸಿ. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರು, ಹಾಲು, ಮಾತ್ರೆ ಏನೂ ಬಾಯಿಗೆ ಬೇಡ.

ಬಾಯಿಯೊಳಕ್ಕೆ ಚಮಚ, ಬಟ್ಟೆ, ಬೆರಳು ಯಾವುದೂ ಬೇಡ. ನಾಲಗೆ ಗಂಟಲೊಳಕ್ಕೆ ನುಂಗಿಹೋಗುತ್ತದೆ ಅನ್ನುವುದು ಸುಳ್ಳು. ಕಚ್ಚಿ ಗಾಯವಾಗಬಹುದು, ಅದು ವಾರದಲ್ಲಿ ಮಾಯುತ್ತದೆ. ಚಮಚ ತುರುಕಿದರೆ ಮುರಿದ ಹಲ್ಲು ಶ್ವಾಸನಾಳಕ್ಕೆ ಹೋಗಬಹುದು. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಜಜ್ಜಿ ಮೂಸಿಸುವುದು, ಚಪ್ಪಲಿ ಹಿಡಿಯುವುದು ಇವೆಲ್ಲ ಇನ್ನೂ ಉಳಿದುಕೊಂಡಿರುವುದಕ್ಕೆ ಒಂದು ಕಾರಣ ಇದೆ. ಬಹುಪಾಲು ಫಿಟ್ಸ್ ಒಂದರಿಂದ ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತಂದು ಅಂಗೈಯಲ್ಲಿ ಇಡುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ. ನಿಂತಿದ್ದು ತಾನಾಗಿ, ಹೆಸರು ಕಬ್ಬಿಣಕ್ಕೆ.

5 ನಿಮಿಷ ದಾಟಿದರೆ ಮಾತು ಬೇರೆ. ಅಷ್ಟು ಹೊತ್ತು ನಿಲ್ಲದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ, ಹೊತ್ತು ಕಳೆದಷ್ಟೂ ಔಷಧಕ್ಕೆ ಬಗ್ಗುವುದೂ ಕಡಿಮೆ. ಎಚ್ಚರವಾಗದೆ ಒಂದರ ಹಿಂದೆ ಒಂದು ಬಂದರೂ ಹಾಗೆಯೇ. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಇಂಥ ಅಪಾಯ ಇರುವ ಮಕ್ಕಳ ಮನೆಯಲ್ಲಿ ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಮೂಗಿನ ಸ್ಪ್ರೇ ಇರಬೇಕು. ಡಾಕ್ಟರ ಚೀಟಿ ಇಲ್ಲದೆ ಸಿಗುವುದಿಲ್ಲ, ಹಾಗಾಗಿ ನೀವೇ ಕೇಳಿ ಬರೆಸಿಕೊಳ್ಳಿ. ಲೆಕ್ಕ ಸಾಮಾನ್ಯವಾಗಿ ಕಿಲೋಗೆ 0.2 ಮಿಲಿಗ್ರಾಂ. ಒಂದು ಸಲ ಒತ್ತಿದರೆ 0.5 ಮಿಲಿಗ್ರಾಂ ಬರುವ ಬಾಟಲಿಯಾದರೆ, 15 ಕಿಲೋ ಮಗುವಿಗೆ 3 ಮಿಲಿಗ್ರಾಂ, ಅಂದರೆ ಆರು ಸಲ, ಒಂದೊಂದು ಹೊಳ್ಳೆಗೆ ಮೂರು. ಆದರೆ ಬಾಟಲಿಗಳಲ್ಲಿ ಬೇರೆ ಬೇರೆ ಸಾಂದ್ರತೆಯವು ಇವೆ. ನಿಮ್ಮ ಬಾಟಲಿಗೆ, ನಿಮ್ಮ ಮಗುವಿನ ತೂಕಕ್ಕೆ ಎಷ್ಟು ಸಲ ಎಂದು ಡಾಕ್ಟರ ಕೈಯಲ್ಲೇ ಬಾಟಲಿಯ ಮೇಲೆ ದೊಡ್ಡದಾಗಿ ಬರೆಸಿ. ಹೊಸ ಬಾಟಲಿಯನ್ನು ಮೊದಲೇ ಗಾಳಿಯಲ್ಲಿ ಒಂದೆರಡು ಸಲ ಒತ್ತಿ ತುಂತುರು ಬರುತ್ತಿದೆಯೇ ನೋಡಿಕೊಳ್ಳಬೇಕು. ಇದನ್ನು ಮಾಡದವರು ಗಳಿಗೆಗೆ ಬಂದಾಗ ಮೊದಲ ಎರಡು ಸಲ ಬರೀ ಗಾಳಿ ಒತ್ತಿರುತ್ತಾರೆ. ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಒಬ್ಬರು ಮಗುವನ್ನು ನೋಡಿಕೊಳ್ಳುವಾಗ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಸಂಕೋಚ ಬೇಡ, ಅದು ಮಗುವಿಗೆ ಮಾಡುವ ಉಪಕಾರ. ಹೊದಿಕೆ ತೆಗೆದು ಇಡೀ ಮೈ ಕಾಣುವಂತೆ ಹಿಡಿದು, ಆಮೇಲೆ ಹತ್ತಿರ ಹೋಗಿ ಕಣ್ಣು ಯಾವ ಕಡೆ ಹೊರಳಿದೆ, ಬಾಯಿ ಯಾವ ಕಡೆ ಎಳೆದಿದೆ ತೋರಿಸಿ. ಹೆಸರು ಹಿಡಿದು ಕರೆಯಿರಿ, ಓಗೊಡುತ್ತದೋ ಇಲ್ಲವೋ ಗೊತ್ತಾಗಲಿ. ನಿಂತ ಮೇಲೂ ಅರ್ಧ ನಿಮಿಷ ತೆಗೆಯಿರಿ: ಮಾತು ಬರುತ್ತದೆಯೇ, ಒಂದು ಕೈ ಸೋತಿದೆಯೇ ಅನ್ನುವುದರಲ್ಲಿ ಮಿದುಳಿನ ಯಾವ ಪಕ್ಕದಿಂದ ಶುರುವಾಯಿತು ಎಂಬ ಸುಳಿವು ಇರುತ್ತದೆ.

ಎಲ್ಲ ಫಿಟ್ಸೂ ಬಿದ್ದು ಒದ್ದಾಡುವಂಥದ್ದಲ್ಲ. ನಮ್ಮವರ ಕಣ್ಣು ತಪ್ಪಿಸುವುದು ಅಂಥವೇ. ಅದರಲ್ಲಿ ತಡ ಮಾಡಲೇಬಾರದ್ದು ಕೂಸುಗಳ ಸೆಳೆತ. ಮೂರು ತಿಂಗಳಿಂದ ಒಂದು ವರ್ಷದೊಳಗಿನ ಮಗು ನಿದ್ದೆಯಿಂದ ಏಳುತ್ತಲೇ ತಲೆ ಮುಂದಕ್ಕೆ ಬಾಗಿಸಿ, ಎರಡೂ ಕೈ ಚಾಚಿ ತಬ್ಬಿಕೊಳ್ಳುವಂತೆ ಮಾಡುತ್ತದೆ. ಒಂದೆರಡು ಸೆಕೆಂಡು, ಬಿಟ್ಟುಬಿಡುತ್ತದೆ. ಕೆಲವು ಸೆಕೆಂಡಾದ ಮೇಲೆ ಮತ್ತೆ ಅದೇ. ಹೀಗೆ ಹತ್ತು, ಇಪ್ಪತ್ತು, ಇನ್ನೂ ಹೆಚ್ಚು ಸಲ, ಮಧ್ಯೆ ಅಳು. ಮನೆಯವರು ಹೊಟ್ಟೆನೋವು ಅಂದುಕೊಂಡು ಓಮಿನ ನೀರು ಕುಡಿಸುತ್ತಾರೆ, ಬೆಚ್ಚಿಬೀಳುತ್ತದೆ ಎಂದು ದೃಷ್ಟಿ ತೆಗೆಯುತ್ತಾರೆ, ಬಾಲಗ್ರಹ ಎಂದು ಹೊಟ್ಟೆಗೆ ಬರೆ ಹಾಕಿಸುವವರೂ ಇದ್ದಾರೆ. ಹೊಟ್ಟೆನೋವಿನ ಮಗು ಒಂದೇ ಭಂಗಿಯಲ್ಲಿ ತಾಳ ಹಾಕಿದ ಹಾಗೆ ಮತ್ತೆ ಮತ್ತೆ ಬಾಗುವುದಿಲ್ಲ. ಜೊತೆಗೆ ನಗುತ್ತಿದ್ದ ಮಗು ನಗು ಬಿಟ್ಟಿದ್ದರೆ, ಮುಖ ನೋಡುವುದು ಕಡಿಮೆಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ಟೀರಾಯ್ಡ್, ಎಸಿಟಿಎಚ್ ಚುಚ್ಚುಮದ್ದು, ವಿಗಾಬಾಟ್ರಿನ್ ಇವು ಬೇಗ ಶುರುವಾದಷ್ಟೂ ಮಗುವಿನ ಬುದ್ಧಿ ಉಳಿಯುವ ಅವಕಾಶ ಹೆಚ್ಚು. ಈ ರೋಗವನ್ನು 1841ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಮೊದಲು ಬರೆದು ತಿಳಿಸಿದ ವಿಲಿಯಂ ವೆಸ್ಟ್ ಎಂಬ ಇಂಗ್ಲಿಷ್ ವೈದ್ಯ ಬರೆದದ್ದು ತನ್ನ ಸ್ವಂತ ಮಗುವಿನ ಬಗ್ಗೆ. ತಂದೆಯಾಗಿ ಕಂಡದ್ದನ್ನು ಒಂದೂ ಬಿಡದೆ ಬರೆದ, ರೋಗಕ್ಕೆ ಅವನ ಹೆಸರೇ ನಿಂತಿತು.

ಶಾಲೆಗೆ ಹೋಗುವ ಮಗು ಬರೆಯುತ್ತಾ ಬರೆಯುತ್ತಾ ಪೆನ್ಸಿಲ್ ನಿಲ್ಲಿಸಿ ಹತ್ತು ಹದಿನೈದು ಸೆಕೆಂಡು ಶೂನ್ಯ ನೋಡಿ ಮತ್ತೆ ಬರೆಯುವುದು, ದಿನಕ್ಕೆ ಹತ್ತಾರು ಸಲ. "ಪಾಠದಲ್ಲಿ ಗಮನ ಇಲ್ಲ" ಎಂದು ಶಾಲೆಯಿಂದ ದೂರು ಬರುತ್ತದೆ. ಗಮನವಿಲ್ಲದ ಮಗುವಿನ ಭುಜ ಮುಟ್ಟಿದರೆ ತಿರುಗುತ್ತದೆ, ಈ ಮಗು ತಿರುಗುವುದಿಲ್ಲ. ಡಾಕ್ಟರು ಮೂರು ನಿಮಿಷ ಜೋರಾಗಿ ಉಸಿರಾಡಿಸಿ ತಮ್ಮ ಕಣ್ಣೆದುರೇ ಇದನ್ನು ಬರಿಸಿ ನೋಡುತ್ತಾರೆ. ಇನ್ನೊಂದು, ಹರೆಯದ ಮಕ್ಕಳದ್ದು. ಬೆಳಿಗ್ಗೆ ಎದ್ದ ಹೊಸದರಲ್ಲಿ ಕೈ ಛಕ್ಕನೆ ಎಗರಿ ಕಾಫಿ ಲೋಟ, ಟೂತ್‌ಬ್ರಷ್ ಬಿದ್ದುಹೋಗುತ್ತದೆ. ಪರೀಕ್ಷೆಗೆ ರಾತ್ರಿಯೆಲ್ಲ ಓದಿದ ಮರುದಿನ ದೊಡ್ಡ ಫಿಟ್ಸ್ ಬಂದಾಗಲೇ ಆಸ್ಪತ್ರೆಗೆ ಬರುವುದು. ಆಗ ಆ ದೊಡ್ಡ ಫಿಟ್ಸ್ ಮಾತ್ರ ಹೇಳಿ ಲೋಟ ಬಿದ್ದ ಕತೆ ಬಿಟ್ಟರೆ ಕಾರ್ಬಮಜೆಪಿನ್ ಬರೆಯುವ ಸಂಭವ ಇದೆ. ಬೇರೆ ಬಗೆಯ ಫಿಟ್ಸಿಗೆ ಅದು ಒಳ್ಳೆಯ ಮಾತ್ರೆ. ಈ ಎರಡು ಬಗೆಗಂತೂ ಅದು ಎದುರು, ಶೂನ್ಯ ನೋಡುವುದೂ ಕೈ ಎಗರುವುದೂ ಹೆಚ್ಚಾಗುತ್ತದೆ. ಮನೆಯವರ ಒಂದು ಮಾತು ಬಿಟ್ಟುಹೋದರೆ ಮಾತ್ರೆಯೇ ತಪ್ಪಾಗುವುದು ಹೀಗೆ.

ಇಷ್ಟು ಗಾಬರಿ ಬೇಡದವೂ ಇವೆ. ಆರು ತಿಂಗಳಿಂದ ಐದು ವರ್ಷದೊಳಗೆ ಜ್ವರದ ಜೊತೆ ಮಾತ್ರ ಬರುವ ಫಿಟ್ಸ್ ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುತ್ತದೆ, ಬಹುತೇಕ ಎಲ್ಲರಿಗೂ ತಾನೇ ಹೋಗುತ್ತದೆ. ಪ್ಯಾರಾಸಿಟಮಾಲ್ ಜ್ವರದ ಸಂಕಟ ಇಳಿಸುತ್ತದೆ, ಫಿಟ್ಸ್ ತಡೆಯುವುದಿಲ್ಲ. ಹಾಗಾಗಿ ಫಿಟ್ಸ್ ಬಂದರೆ "ನಾನು ಔಷಧ ಕೊಡೋದು ತಡ ಮಾಡಿದೆ" ಎಂದು ಯಾವ ತಾಯಿಯೂ ಕೊರಗಬೇಕಿಲ್ಲ. ಆದರೂ ಮೊದಲ ಸಲ ಬಂದಾಗ ಮಿದುಳು ಜ್ವರ ಅಲ್ಲ ಎಂದು ಡಾಕ್ಟರು ನೋಡಿ ಹೇಳಬೇಕು.

ಇಇಜಿಗೆ ಹೋಗುವ ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆದು ಎಣ್ಣೆ ಹಚ್ಚದೆ ಬರಲು ಹೇಳುತ್ತಾರೆ, ಎಣ್ಣೆ ಇದ್ದರೆ ತಂತಿ ಹಿಡಿಯುವುದಿಲ್ಲ. ಬಿಸಿನೀರಿನ ಅಪಸ್ಮಾರ ಇರುವ ಮಗುವಿಗೆ ಆ ತಲೆಸ್ನಾನವೂ ಉಗುರುಬೆಚ್ಚಗಿನ ನೀರಿನಲ್ಲೇ. ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಬೇಕು, ಅಲ್ಲಿ ಹೋಗಿ ನಿದ್ದೆ ಬರಬೇಕು. ಬಸ್ಸಿನಲ್ಲಿ ಮಲಗಲು ಬಿಟ್ಟರೆ ಕೆಲಸ ಕೆಟ್ಟಿತು. ಡಾಕ್ಟರು ಹೇಳದೆ ಅಂದಿನ ಮಾತ್ರೆ ತಪ್ಪಿಸಬೇಡಿ. ಇಇಜಿ ನಾರ್ಮಲ್ ಬಂದರೆ ರೋಗ ಇಲ್ಲ ಎಂದು ಅರ್ಥವಲ್ಲ. ಅದು ಆ ಅರ್ಧ ಗಂಟೆಯ ಮಾತು ಅಷ್ಟೇ.

ಔಷಧ ಕೊಡುವುದರಲ್ಲಿ ನಡೆಯುವ ತಪ್ಪುಗಳು ಬಹುಪಾಲು ಅಳತೆಯವು. ವಾಲ್ಪ್ರೊಯೇಟ್ ಸಿರಪ್ ಸಾಮಾನ್ಯವಾಗಿ 5 ಎಂಎಲ್‌ನಲ್ಲಿ 200 ಮಿಲಿಗ್ರಾಂ, ಲೆವೆಟಿರಾಸೆಟಮ್ ಸಿರಪ್ 1 ಎಂಎಲ್‌ನಲ್ಲಿ 100. ಒಂದೇ ಚಮಚ, ಒಂದರಲ್ಲಿ 200, ಇನ್ನೊಂದರಲ್ಲಿ 500. ಔಷಧ ಬದಲಾದಾಗ "ಅದೇ ಒಂದು ಚಮಚ" ಎಂದು ಮುಂದುವರಿಸಿದರೆ ಏನಾಗುತ್ತದೆ ಊಹಿಸಿ. ಅಡುಗೆಮನೆಯ ಚಮಚ ಬೇಡವೇ ಬೇಡ, ಮೆಡಿಕಲ್ ಸ್ಟೋರಿನಿಂದ ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ತನ್ನಿ. ಅಳೆಯಬೇಕಾದ ಗೆರೆಯ ಮೇಲೆ ಮಾರ್ಕರಿನಿಂದ ಗುರುತು ಹಾಕಿದರೆ ಓದಲು ಬಾರದ ಅಜ್ಜಿಯೂ ಸರಿಯಾಗಿ ಕೊಡುತ್ತಾರೆ. ಫೆನಿಟಾಯಿನ್ ಸಿರಪ್ ತಳ ಕಟ್ಟುತ್ತದೆ. ಅಲ್ಲಾಡಿಸದೆ ಕೊಟ್ಟರೆ ತಿಂಗಳ ಮೊದಲಲ್ಲಿ ನೀರು, ಕೊನೆಯಲ್ಲಿ ಮಂದ. ಮೊದಲು ಫಿಟ್ಸ್, ಕೊನೆಗೆ ತೂರಾಡುವಿಕೆ. ಲೋಟ ತುಂಬ ಹಾಲಿಗೆ ಔಷಧ ಬೆರೆಸಬೇಡಿ, ಮಗು ಅರ್ಧ ಬಿಟ್ಟರೆ ಔಷಧವೂ ಅರ್ಧ. ಚೀಟಿಯಲ್ಲಿ ಸಿಆರ್ ಅಥವಾ ಕ್ರೋನೋ ಎಂದಿರುವ ಮಾತ್ರೆಯನ್ನು ಪುಡಿ ಮಾಡಬಾರದು. ನಿಧಾನವಾಗಿ ಬಿಡಬೇಕಾದ ಔಷಧ ಒಮ್ಮೆಲೇ ಹೊಟ್ಟೆಗೆ ಸೇರುತ್ತದೆ.

ತೂಕ ಮರೆಯಬೇಡಿ. 14 ಕಿಲೋ ಮಗುವಿಗೆ ಕಿಲೋಗೆ 20 ಮಿಲಿಗ್ರಾಂ ಲೆಕ್ಕದಲ್ಲಿ ವಾಲ್ಪ್ರೊಯೇಟ್ ಬರೆದರೆ ದಿನಕ್ಕೆ 280 ಮಿಲಿಗ್ರಾಂ, ಅಂದರೆ ಎರಡು ಹೊತ್ತು ಮೂರೂವರೆ ಎಂಎಲ್. ಎರಡು ವರ್ಷದಲ್ಲಿ ಮಗು 18 ಕಿಲೋ ಆಯಿತು, ಹಳೇ ಚೀಟಿಯಲ್ಲೇ ಔಷಧ ತರುತ್ತಿದ್ದೀರಿ. ಈಗ ಕಿಲೋಗೆ ಸಿಗುತ್ತಿರುವುದು ಸುಮಾರು ಹದಿನೈದೂವರೆ. "ಔಷಧ ಕೊಡ್ತಾನೇ ಇದೀವಿ, ಆದ್ರೂ ಬಂತು" ಅನ್ನುವುದರ ಹಿಂದೆ ಹಲವು ಸಲ ಇಷ್ಟೇ ಇರುತ್ತದೆ. ಪ್ರತಿ ಭೇಟಿಯಲ್ಲೂ ತೂಕ ಹಾಕಿಸಿ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಕೊಡಿ, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಎರಡನ್ನೂ ಸೇರಿಸಿ ಕೊಡಬೇಡಿ. ಜಾತ್ರೆ, ಮದುವೆ, ಊರಿಗೆ ಹೋಗುವುದು ಇದ್ದರೆ ವಾರಕ್ಕಾಗುವಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ. ಎಲ್ಲ ಊರಿನ ಅಂಗಡಿಯಲ್ಲೂ ಈ ಮಾತ್ರೆಗಳು ಇರುವುದಿಲ್ಲ.

ಅಡ್ಡಪರಿಣಾಮಗಳನ್ನೂ ಮನೆಯವರೇ ಮೊದಲು ಕಾಣುವುದು. ಲೆವೆಟಿರಾಸೆಟಮ್ ಶುರುವಾದ ಮೇಲೆ ಸಾಧು ಮಗು ಸಿಡುಕಿ, ಹೊಡೆದಾಟಕ್ಕೆ ನಿಂತರೆ ಅದು ಔಷಧದಿಂದ ಇರಬಹುದು. ವಾಲ್ಪ್ರೊಯೇಟಿಗೆ ಹಸಿವು, ತೂಕ ಹೆಚ್ಚಿ ಕೂದಲು ಉದುರಬಹುದು. ಬಿಡದ ವಾಂತಿ, ಮಂಕು ಇದ್ದರೆ ಕೂಡಲೇ ತೋರಿಸಿ, ಅದು ಯಕೃತ್ತಿಗೆ ತೊಂದರೆಯಾದ ಸೂಚನೆ ಇರಬಹುದು. ಲಾಮೋಟ್ರಿಜಿನ್, ಕಾರ್ಬಮಜೆಪಿನ್, ಫೆನಿಟಾಯಿನ್ ಶುರುವಾದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಕೆಂಪು ಗಂಧೆ, ಬಾಯಿಹುಣ್ಣು ಕಂಡರೆ ಅಂದೇ ಆಸ್ಪತ್ರೆಗೆ. ಹೆಣ್ಣುಮಕ್ಕಳಿಗೆ ವಾಲ್ಪ್ರೊಯೇಟ್ ನಡೆಯುತ್ತಿದ್ದರೆ, ಅವರು ದೊಡ್ಡವರಾಗುವ ಹೊತ್ತಿಗೆ ಬದಲಿಸಬಹುದೇ ಎಂದು ಕೇಳಿ. ಮುಂದೆ ಬಸುರಿನಲ್ಲಿ ಹೊಟ್ಟೆಯ ಕೂಸಿಗೆ ಅದು ಕೇಡು. ಮದುವೆಯ ಭಯದಿಂದ ಹೆಣ್ಣುಮಗುವಿನ ರೋಗ ಮುಚ್ಚಿಟ್ಟು ಮಾತ್ರೆ ತಪ್ಪಿಸುವ ಮನೆಗಳಿಗೆ ಒಂದು ಮಾತು: ಅಪಸ್ಮಾರದ ಕಾರಣ ಕೊಟ್ಟು ಮದುವೆ ರದ್ದುಮಾಡುವ ಅವಕಾಶವನ್ನು ಕಾನೂನು 1999ರಲ್ಲೇ ತೆಗೆದುಹಾಕಿದೆ.

ಹರಕೆ ಕಟ್ಟಿಕೊಳ್ಳಿ, ತಾಯತ ಕಟ್ಟಿಸಿ, ಅದು ನಿಮ್ಮ ನಂಬಿಕೆ. ಮಾತ್ರೆ ನಿಲ್ಲಿಸಿ ಮಾತ್ರ ಬೇಡ. ಹೆಸರಿಲ್ಲದ ಪೊಟ್ಟಣದ ಪುಡಿ ತರಬೇಡಿ. ಇಂಥ ಪುಡಿಗಳಲ್ಲಿ ಫಿನೋಬಾರ್ಬಿಟೋನ್ ಬೆರೆಸಿದ್ದು ಪತ್ತೆಯಾದದ್ದಿದೆ. ಅದು ನಿಜವಾದ ಫಿಟ್ಸ್ ಔಷಧವೇ, ಆದರೆ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ, ಪುಡಿ ಮುಗಿದ ದಿನ ತಡೆಯಿಲ್ಲದ ಫಿಟ್ಸ್ ಬರುತ್ತದೆ. ದೇವರ ಮನೆಯ ಕರ್ಪೂರವನ್ನು ಮಗುವಿನ ಕೈಗೆಟುಕದಂತೆ ಇಡಿ. ನುಂಗಿದರೆ, ಮೂರ್ಛೆರೋಗ ಇಲ್ಲದ ಮಗುವಿಗೂ ಫಿಟ್ಸ್ ಬರುತ್ತದೆ. ಸ್ಕ್ಯಾನಿನಲ್ಲಿ ಮಿದುಳಿನಲ್ಲಿ ಲಾಡಿಹುಳದ ಗಂಟು ಇದೆ ಅಂದಾಗ "ನಾವು ಹಂದಿ ಮಾಂಸ ಮುಟ್ಟೋದೇ ಇಲ್ಲ" ಎಂದು ಬೇಸರ ಪಡುವವರಿದ್ದಾರೆ. ಹುಳದ ಮೊಟ್ಟೆ ಬರುವುದು ಮಲ ಸೇರಿದ ನೀರು ಮಣ್ಣಿನಿಂದ, ಸರಿಯಾಗಿ ತೊಳೆಯದ ಕೊತ್ತಂಬರಿ, ಕ್ಯಾರೆಟ್ಟಿನಿಂದ, ಕೈ ತೊಳೆಯದೆ ಬಡಿಸುವವರಿಂದ. ಸಸ್ಯಾಹಾರಿಗೂ ಬರುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ನಮ್ಮ ಮೈಸೂರು, ಮಂಡ್ಯ ಸೀಮೆಯಲ್ಲಿ ಈ ಮಕ್ಕಳಿಗೆ ದೊಡ್ಡ ಅಪಾಯ ನೀರಿನದು. ವಿಶ್ವೇಶ್ವರಯ್ಯ ನಾಲೆ, ಕೆರೆ, ಗದ್ದೆಬಾವಿ, ಬೋರ್‌ವೆಲ್ ತೊಟ್ಟಿ ಎಲ್ಲಿಗೂ ಒಂಟಿಯಾಗಿ ಬಿಡಬೇಡಿ. ನಾಲೆಯ ಹರಿವಿನಲ್ಲಿ ಅರ್ಧ ನಿಮಿಷ ಎಚ್ಚರ ತಪ್ಪಿದರೂ ಮಗು ಸಿಗುವುದಿಲ್ಲ. ಆಲೆಮನೆಯಲ್ಲಿ ಪಾಕ ಕುದಿಯುವ ಕೊಪ್ಪರಿಗೆ, ಮುದ್ದೆ ತಿರುವುವ ಒಲೆ ಇವುಗಳ ಹತ್ತಿರವೂ ಬೇಡ. ಮಿಕ್ಕಂತೆ ಆಡಲಿ, ಓದಲಿ, ಲಸಿಕೆ ಹಾಕಿಸಿಕೊಳ್ಳಲಿ. ಮುದ್ದೆ, ಬಾಳೆಹಣ್ಣು, ಮೊಸರು ಯಾವ ಪಥ್ಯವೂ ಇಲ್ಲ. ಶಾಲೆಯ ಮೇಷ್ಟ್ರಿಗೆ ರೋಗದ ಹೆಸರು, ಮಾತ್ರೆಯ ಹೆಸರು, 5 ನಿಮಿಷದ ಲೆಕ್ಕ, ನಿಮ್ಮ ಫೋನ್ ನಂಬರು ಒಂದು ಹಾಳೆಯಲ್ಲಿ ಬರೆದುಕೊಡಿ.

ಮೈಸೂರಿನ ಚೆಲುವಾಂಬ ಮತ್ತು ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಲ್ಲಿ ಚಿಕಿತ್ಸೆ ಶುರುಮಾಡಬಹುದು. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಪಟ್ಟಿಯಲ್ಲೂ ಫಿಟ್ಸ್ ಇದೆ, ಅವರ ಮುಂದೆ ಮುಚ್ಚಿಡಬೇಡಿ. ಮಾತು ಹಿಂದೆ ಬಿದ್ದ ಮಕ್ಕಳಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಸರಿಯಾಗಿ ಆರಿಸಿದ ಎರಡು ಔಷಧ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ನಿಲ್ಲದಿದ್ದರೆ ಮೂರನೆಯದು ನಾಲ್ಕನೆಯದು ಎಂದು ವರ್ಷ ಕಳೆಯಬೇಡಿ. ನಿಮ್ಹಾನ್ಸ್‌ನಂಥ ಕಡೆ ಶಸ್ತ್ರಚಿಕಿತ್ಸೆ ಆಗುತ್ತದೆಯೇ, ಕೊಬ್ಬು ಹೆಚ್ಚಿಸಿ ಅನ್ನ ಮುದ್ದೆ ತೆಗೆಯುವ ಕೀಟೋಜೆನಿಕ್ ಆಹಾರ ಒಗ್ಗುತ್ತದೆಯೇ ಕೇಳಬೇಕಾದ ಹೊತ್ತು ಅದು. ಅಷ್ಟು ದೂರ ಹೋಗುವವರು ಕಡಿಮೆ. ಹತ್ತರಲ್ಲಿ ಏಳು ಮಂದಿಗೆ ಸಾದಾ ಮಾತ್ರೆಗಳಲ್ಲೇ ಫಿಟ್ಸ್ ಹತೋಟಿಗೆ ತರಬಹುದು. ಡಾ. ಮಣಿಯವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ರೋಗ ಹಿಡಿತಕ್ಕೆ ತರಬಹುದು ಎಂದು ತೋರಿಸಿ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆಯಿತು.

ಮಾತ್ರೆ ಎಂದು ನಿಲ್ಲಿಸುವುದು? ಸಾಮಾನ್ಯವಾಗಿ ಒಂದೂ ಫಿಟ್ಸ್ ಇಲ್ಲದೆ ಎರಡು ವರ್ಷ ಕಳೆದ ಮೇಲೆ, ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ. ಬೆಳಿಗ್ಗೆ ಕೈ ಎಗರುವ ಹರೆಯದ ಬಗೆಗೆ ಇನ್ನೂ ಬಹುಕಾಲ ಬೇಕು. "ಆರು ತಿಂಗಳಿಂದ ಬರ್ಲಿಲ್ಲ, ವಾಸಿ ಆಗಿದೆ" ಎಂದು ಒಂದೇ ಸಲ ನಿಲ್ಲಿಸುವುದೇ ಮಕ್ಕಳನ್ನು ತೀವ್ರ ನಿಗಾ ಘಟಕಕ್ಕೆ ತರುವ ದೊಡ್ಡ ಕಾರಣಗಳಲ್ಲಿ ಒಂದು. ಇಳಿಸುವುದಕ್ಕೆ ಹಿಡಿಯುವುದು ಮೂರರಿಂದ ಆರು ತಿಂಗಳು. ಮತ್ತೆ ಬರುವುದಾದರೆ ಹೆಚ್ಚಾಗಿ ಆಗಲೇ, ಇಲ್ಲವೇ ಅದಾದ ಮೇಲಿನ ಒಂದು ವರ್ಷದೊಳಗೆ. ಅಲ್ಲಿಯವರೆಗೆ ಸ್ಪ್ರೇ ಬೀರುವಿನಲ್ಲಿ ಇರಲಿ, ಡೈರಿಯಲ್ಲಿ ತಾರೀಖು ಬರೆಯುತ್ತಿರಿ, ಬಚ್ಚಲಿನ ಚಿಲಕ ತೆಗೆದೇ ಇರಲಿ.